ಕದ್ದು ಉಂಡ ರೊಟ್ಟಿ

ಬಾಗಿಲ ಚೌಕಟ್ಟಿಗೆ ಬೇವಿನ ಟೊಂಗೆ ಸಿಗಿಸಿ ಶಕುಂತಲಾಬಾಯಿ ಸ್ಟೂಲಿನಿಂದ ಇಳಿದಳು. ಚಹಾದ ಕಪ್ಪು ಹಿಡಿದು ಅಂಗಳದಲ್ಲಿ ನಿಂತಿದ್ದ ಗಂಡ ಬಸವಣಪ್ಪನ ಎದೆ ಧಸಕ್ಕೆಂದಿತು.

“ಏನಾತು?”

“ಏನಾಗ್ತದ, ತಾಯಿ ಬಂದಾಳ. ಐಶ್ವರ್ಯಾನ ಬೆನ್ನ ಮ್ಯಾಲ, ಹೊಟ್ಟಿ ಮ್ಯಾಲ ಮುತ್ತು ಎದ್ದಾವ. ಇನ್ನ ಮನ್ಯಾಗ ಒಗ್ಗರಣಿ ಇಲ್ಲ. ನೀವು ಗಡ್ಡ ಕೆರಕೊಳ್ಳಂಗಿಲ್ಲ, ಯಾರ ಮನಿಗೂ ಹೋಗಂಗಿಲ್ಲ. ಬಾಯಾಗ ಜಡ್ಡು, ದವಾಖಾನಿ ಅನ್ನೂ ಮಾತ ಬರಬಾರ್ದು. ತಣ್ಣಗ ಬಂದಾಳ, ತಣ್ಣಗ ಹೋಗ್ತಾಳ.”

ಒಳಗೆ ಬೇವಿನ ಸೊಪ್ಪಿನ ಮೇಲೆ ಹಾಸಿದ ಹಳೆಯ ಧೋತರದಲ್ಲಿ ಮಲಗಿದ್ದ ಮೊಮ್ಮಗಳು ಮೊಬೈಲು ಬೇಕೆಂದು ರಂಪ ಮಾಡುತ್ತಿದ್ದಳು. ಅವಳಿಗೇನೂ ಆಗುವುದಿಲ್ಲ, ಆ ವಯಸ್ಸಿನ ಮಕ್ಕಳಿಗೆ ಬಂದು ಹೋಗುವಂಥದ್ದು. ಬಸವಣಪ್ಪನಿಗೂ ಸಣ್ಣವನಿದ್ದಾಗ ಬಂದು ಹೋಗಿತ್ತು, ಮೂಗಿನ ಮೇಲೆ ಗುರುತು ಇನ್ನೂ ಇದೆ. ಅವನು ಹೆದರಿದ್ದು ಬೇರೆ ಕಾರಣಕ್ಕೆ. ಮೊನ್ನೆ ಶುಕ್ರವಾರ ಮಧ್ಯಾಹ್ನ ಇದೇ ಪಡಸಾಲೆಯಲ್ಲಿ ಇದೇ ಐಶ್ವರ್ಯಾ ಇಸ್ಮಾಯಿಲನ ತೊಡೆಯ ಮೇಲೆ ಕೂತಿದ್ದಳು. ಅವನ ಗಡ್ಡ ಜಗ್ಗಿದ್ದಳು, ಗಲ್ಲಕ್ಕೆ ಗಲ್ಲ ಹಚ್ಚಿದ್ದಳು, ತನ್ನ ಎಂಜಲು ಕೈಯಿಂದಲೇ ಅವನ ಬಾಯಿಗೆ ರೊಟ್ಟಿಯ ತುತ್ತು ಇಟ್ಟಿದ್ದಳು.

ಇಸ್ಮಾಯಿಲನೆಂದರೆ ಯಾರೆಂದುಕೊಂಡಿರಿ? ಬಸವಣಪ್ಪ ಕಂಡಕ್ಟರನಾಗಿದ್ದ ಬಸ್ಸಿನ ಡ್ರೈವರು. ಬಸವಕಲ್ಯಾಣ-ಹುಮನಾಬಾದ ರೂಟಿನಲ್ಲಿ ಇಬ್ಬರೂ ಜೋಡಿಯಾಗಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಡಿಪೋದಲ್ಲಿ ಯಾರ ಡ್ಯೂಟಿ ಯಾರ ಜೊತೆ ಬಿದ್ದರೂ ಇವರಿಬ್ಬರು ಮಾತ್ರ ಸಾಹೇಬರ ಕಾಲು ಹಿಡಿದೋ ಜಗಳ ಮಾಡಿಯೋ ಒಂದೇ ಗಾಡಿಗೆ ಬರುತ್ತಿದ್ದರು. ರಿಟೈರಾದ ಮೇಲೆ ಇವನು ಹುಮನಾಬಾದಿನಲ್ಲಿ ಉಳಿದ, ಅವನು ಬಸವಕಲ್ಯಾಣದ ಕೋಟೆಯ ಹಿಂದಿನ ಗಲ್ಲಿಯ ತನ್ನ ಮನೆಯಲ್ಲಿ. ನಡುವೆ ಒಂದು ತಾಸಿನ ದಾರಿಯೂ ಇಲ್ಲ. ಆದರೆ ಹೋದ ವರ್ಷ ಇಸ್ಮಾಯಿಲನ ಎರಡೂ ಕಿಡ್ನಿಗಳು ಕೈಕೊಟ್ಟವು. ಹೆಂಡತಿ ಸರ್ದಾರಬಿ ಹೈದರಾಬಾದಿನ ಆಸ್ಪತ್ರೆಯಲ್ಲಿ ತನ್ನ ಒಂದು ಕಿಡ್ನಿ ಕೊಟ್ಟು ಅವನನ್ನು ಮನೆಗೆ ಕರೆತಂದಳು. ಆವತ್ತಿನಿಂದ ಆ ಒಂದು ತಾಸಿನ ದಾರಿ ಬಹಳ ದೂರವಾಯಿತು.

ಯಾಕೆಂದರೆ ಡಾಕ್ಟರು ಸರ್ದಾರಬಿಗೆ ಎಲ್ಲ ಬಿಡಿಸಿ ಹೇಳಿದ್ದರು, ಅವಳು ಅದನ್ನು ಗಲ್ಲಿಗೆ ಬಂದವರಿಗೆಲ್ಲ ಕಿಟಕಿಯಲ್ಲಿ ನಿಂತು ಹೇಳುತ್ತಿದ್ದಳು. “ಗುಳಿಗಿ ಕೊಟ್ಟು ಮೈಯಾಗಿನ ಪಹರೇದಾರರ್ನ ಮಲಗಿಸ್ಯಾರ್ರಿ. ಇಲ್ಲಂದ್ರ ನನ್ನ ಕಿಡ್ನಿನ್ನ ಕಳ್ಳ ಅಂತ ತಿಳದು ಹೊಡೀತಾವಂತ. ಪಹರೇದಾರರು ಮಲಗಿದ ಮನಿಗೆ ಯಾವ ವೈರಸ್ ಬಂದ್ರೂ ಕೇಳವರಿಲ್ಲ. ನಿಮಗ ನೆಗಡಿ ಆದದ್ದು ಇವರಿಗೆ ನಿಮೋನಿಯಾ ಆಗ್ತದ. ಮಕ್ಕಳಿಗೆ ಮಾತಾ ಬಂದದ್ದು ಇವರಿಗೆ ಜೀವಕ್ಕ ಬರ್ತದ.” ಮಾತಾ ಎಂದರೆ ಶಕುಂತಲಾಬಾಯಿಯ ಬಾಯಲ್ಲಿ ತಾಯಿ, ಡಾಕ್ಟರ ಬಾಯಲ್ಲಿ ಚಿಕನ್‌ಪಾಕ್ಸ್. ಇಸ್ಮಾಯಿಲನಿಗೆ ಅದು ಹಿಂದೆಂದೂ ಬಂದಿಲ್ಲವೆಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಇಂಥ ಆಪರೇಷನ್ ಆದವರಿಗೆ ಅದರ ಲಸಿಕೆ ಹಾಕುವಂತಿಲ್ಲ. ಅಂಥ ಮಗುವಿನ ಹತ್ತಿರ ಹೋದದ್ದು ಗೊತ್ತಾದರೆ ಮೈಮೇಲೆ ಗುಳ್ಳೆ ಏಳುವ ತನಕ ಕಾಯಬೇಡಿ, ಕೂಡಲೇ ಬಂದು ಇಂಜೆಕ್ಷನ್ ತಗೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಹೀಗಾಗಿ ಸರ್ದಾರಬಿ ಹೊಸ್ತಿಲಿಗೆ ಗೆರೆ ಎಳೆದುಬಿಟ್ಟಳು. ಅಣ್ಣ ಬರಲಿ, ತಮ್ಮ ಬರಲಿ, ಗಲ್ಲಿಯ ಬೆಂಚಿನ ಮೇಲೆ ಕೂತು ಕಿಟಕಿಯಿಂದ ಮಾತಾಡಿ ಹೋಗಬೇಕು. ಬಸವಣಪ್ಪನೂ ಹಾಗೇ ಮಾತಾಡಿ ಬಂದಿದ್ದ. ಜೈಲಿನಲ್ಲಿದ್ದವನನ್ನು ನೋಡಿ ಬರುವುದಕ್ಕೂ ಇದಕ್ಕೂ ಏನು ಫರಕು?

ಆ ಕಾಲ ಹೇಗಿತ್ತು! ಮುಂಜಾನೆಯ ಟ್ರಿಪ್ಪಿನಲ್ಲಿ ರಾಜೇಶ್ವರದ ಹೆಣ್ಣುಮಕ್ಕಳು ಮೊಸರಿನ ಗಡಿಗೆ ಹೊತ್ತು ಹತ್ತುತ್ತಿದ್ದರು. ಬದನೆಕಾಯಿ ಸಂಗಮ್ಮ ತನ್ನ ಬುಟ್ಟಿಗೆ ಲಗೇಜು ಟಿಕೇಟು ತೆಗೆಸುವುದಿಲ್ಲವೆಂದು ದಿನಾ ಬಸವಣಪ್ಪನ ಜೊತೆ ಜಗಳಕ್ಕೆ ಬೀಳುತ್ತಿದ್ದಳು. ಹೊಲದ ಬದುವಿನಲ್ಲಿ ಯಾವನೋ ತಲೆಯ ರುಮಾಲು ಬಿಚ್ಚಿ ಬೀಸಿದರೆ ಸಾಕು, ಇಸ್ಮಾಯಿಲ ಬ್ರೇಕು ಹಾಕಿಯೇಬಿಡುತ್ತಿದ್ದ. “ಉಸ್ತಾದ, ಇದು ಸ್ಟಾಪ್ ಅಲ್ಲೋ!” ಎಂದು ಬಸವಣಪ್ಪ ಹಿಂದಿನಿಂದ ಕೂಗಿದರೆ, “ಅಂವಗ ಹೇಳು,” ಎಂದು ಕನ್ನಡಿಯಲ್ಲಿ ನಗುತ್ತಿದ್ದ. ಹತ್ತಿದವನು ಕೈಮುಗಿದರೆ ಯಾರಿಗೆ ತಾನೇ ಹೇಳಲು ಬಾಯಿ ಬಂದೀತು.

ಮಧ್ಯಾಹ್ನ ಹುಮನಾಬಾದ ಸ್ಟ್ಯಾಂಡಿನಲ್ಲಿ ಗಾಡಿ ನಿಂತಾಗ ಇಂಜಿನ್ನಿನ ಬಾನೆಟ್ಟಿನ ಮೇಲೆ ಪೇಪರು ಹಾಸುತ್ತಿದ್ದರು. ಇಂಜಿನ್ನಿನ ಕಾವಿಗೆ ರೊಟ್ಟಿ ಮೆತ್ತಗಾಗುತ್ತಿತ್ತು. ಬಸವಣಪ್ಪನ ಡಬ್ಬಿಯಲ್ಲಿ ಪುಂಡಿಪಲ್ಯ, ಶೇಂಗಾಹಿಂಡಿ, ಇಸ್ಮಾಯಿಲನ ಡಬ್ಬಿಯಲ್ಲಿ ಹುಳಿ ಬೇಳೆ, ಬಗಾರಾ ಅನ್ನ. ಡಬ್ಬಿ ಎರಡಾದರೂ ಮುಚ್ಚಳ ಒಂದೇ, ಅದೇ ಅವರ ತಾಟು. ಬಸವಣಪ್ಪ ಬಾಡು ತಿನ್ನದವನೆಂದು ಸರ್ದಾರಬಿ ಮನೆಯಲ್ಲಿ ಒಂದು ಗಡಿಗೆಯನ್ನೇ ಬೇರೆ ಇಟ್ಟಿದ್ದಳು. ಅದಕ್ಕೆ ಬಾಡಿನ ಸೌಟು ಸೋಕಿದ್ದಿಲ್ಲ. ಯಾರೂ ಕೇಳಿದ್ದಲ್ಲ, ಅವಳಾಗಿಯೇ ಮಾಡಿದ್ದು. ಅತ್ತೆ ಕುಲ್ಸುಮ್ ಬೀ ಒಮ್ಮೆ ಗೊತ್ತಿಲ್ಲದೆ ಆ ಗಡಿಗೆಯಲ್ಲಿ ಖೀಮಾ ಮಾಡಿದಾಗ ಸರ್ದಾರಬಿ ಅತ್ತೆಯ ಮೇಲೆ ಹರಿಹಾಯ್ದು ಹೊಸ ಗಡಿಗೆ ತರಿಸಿದ್ದಳಂತೆ. ಅಂಥ ಮನೆಯ ಊಟ ಅದು.

ಒಂದೇ ತಾಟಿನ ಆ ಊಟಕ್ಕಾಗಿಯೇ ಇಸ್ಮಾಯಿಲ ಶುಕ್ರವಾರ ಕದ್ದು ಬಂದಿದ್ದ. ಸರ್ದಾರಬಿ ಬೇಮಳಖೇಡಕ್ಕೆ ಅಕ್ಕ ಹಜಿರಾ ಬೀಯನ್ನು ನೋಡಲು ಹೋದದ್ದೇ ತಡ, ಮುಖಕ್ಕೆ ಮಾಸ್ಕು ಏರಿಸಿ ಬಸ್ಸು ಹತ್ತಿದ್ದ. ಬಾಗಿಲಲ್ಲಿ ಅವನನ್ನು ಕಂಡಾಗ ಬಸವಣಪ್ಪನಿಗೆ ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ, ಅಪ್ಪಿಕೊಂಡ. ಒಂದೇ ತಾಟಿನಲ್ಲಿ ಉಂಡರು. ಉಣ್ಣುತ್ತ ಇಸ್ಮಾಯಿಲ ಹೇಳಿದ್ದ: “ಮನ್ಯಾಗ ಎಲ್ಲಾ ಅದ ಬಸಣ್ಣ. ಆಕಿ ನನ್ನ ಹೂವಿನಂಗ ನೋಡಕೊಂತಾಳ. ಆದ್ರ ತಾಟ ಬ್ಯಾರೆ, ಗಿಲಾಸ ಬ್ಯಾರೆ, ಮಾತು ಕಿಟಕ್ಯಾಗಿಂದ. ಬದುಕೇನಿ ಅಂತ ಯಾರನರ ಮುಟ್ಟಿ ನೋಡಬೇಕಲ್ಲೋ.” ಆಮೇಲೆ ಮುರಿದ ರೊಟ್ಟಿಯನ್ನು ಮುಂದೆ ಮಾಡಿದ್ದ. “ಇದರ ಮ್ಯಾಲ ಕೈ ಇಡು. ಆಕಿಗೆ ಹೇಳಂಗಿಲ್ಲ. ಮೈ ಕೊಯ್ಸಕೊಂಡು ಕೊಟ್ಟಾಳ. ಅದನ್ನ ನಾ ಆಟಕ್ಕ ಇಟ್ಟೆ ಅಂತ ಗೊತ್ತಾದ್ರ ಆಕಿ ಎದಿ ಒಡೀತದ.”

ಬಸವಣಪ್ಪ ರೊಟ್ಟಿಯ ಮೇಲೆ ಕೈ ಇಟ್ಟಿದ್ದ. ಅನ್ನ ಮುಟ್ಟಿ ಆಡಿದ ಮಾತು ಈ ಸೀಮೆಯಲ್ಲಿ ಸಣ್ಣದಲ್ಲ.

ಈಗ ಅದೇ ಕೈಯಿಂದ ಫೋನು ಹಚ್ಚಿದ. ಆಪರೇಷನ್ ಆದಾಗಿನಿಂದ ಇಸ್ಮಾಯಿಲನ ಫೋನು ಸರ್ದಾರಬಿಯ ಕೈಯಲ್ಲೇ ಇರುತ್ತಿತ್ತು.

“ಬೋಲಿಯೇ ಬಸಣ್ಣ ಭಾಯಿ. ಇಷ್ಟ ಮುಂಜಾನಿ?”

“ಏನಿಲ್ಲ ಭಾಬಿ. ಉಸ್ತಾದ ಹ್ಯಾಂಗ ಇದ್ದಾನ ಅಂತ...”

“ಛಲೋ ಇದ್ದಾರ. ಮಕ್ಕೊಂಡಾರ. ಎಬ್ಬಿಸ್ಲೇನು?”

“ಬ್ಯಾಡ ಬ್ಯಾಡ,” ಎಂದವನೇ ಫೋನು ಇಟ್ಟುಬಿಟ್ಟ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಇಷ್ಟು ವರ್ಷ ಕಿಕ್ಕಿರಿದ ಬಸ್ಸಿನಲ್ಲಿ ನೂರು ಮಂದಿಯ ಮೇಲೆ ಗಂಟಲು ಹರಿದುಕೊಂಡ ಗಂಡಸು, ಒಂದು ಮಾತು ಆಡಲು ಆಗಲಿಲ್ಲವಲ್ಲ.

ಶಕುಂತಲಾಬಾಯಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬೈಯುತ್ತಾಳೆಂದು ಅವನು ತಲೆ ತಗ್ಗಿಸಿದ. ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಮೆಲ್ಲಗೆ ಹೇಳಿದಳು: “ಶುಕ್ರವಾರ ಮುಂಜಾನೆನ ಕೂಸಿನ ಹಣಿ ಬೆಚ್ಚಗಿತ್ತುರಿ. ಬಾಜೂ ಮನಿ ಬಾಗಲಾಗೂ ಎರಡ ವಾರದ ಹಿಂದ ಬೇವು ಕಟ್ಟಿದ್ರು, ಇಕಿ ಅಲ್ಲೇ ಆಡಾಕ ಹೋಗತಿದ್ಲು. ನನಗ ತಿಳೀತು. ಬಾಯಿ ಬಿಟ್ಟು ಅಂದ್ರ ಕರದಂಗ ಆಗ್ತದ ಅಂತ ಅನಲಿಲ್ಲ. ಇಸ್ಮಾಯಿಲಣ್ಣ ಬಂದು ಕೂಸಿನ ಎತ್ತಕೊಂಡಾಗರ ಅನಬೇಕಿತ್ತು. ಆಗೂ ಬಾಯಿ ಬರಲಿಲ್ಲ.”

ಬಸವಣಪ್ಪ ಅವಳ ಮುಖ ನೋಡಿದ. ಈ ಊರಿನಲ್ಲಿ ಎಲ್ಲ ಅಜ್ಜಿಯರೂ ಅದನ್ನೇ ಮಾಡುತ್ತಿದ್ದರು. ಇವಳ ಮೇಲೆ ಸಿಟ್ಟು ಮಾಡಿ ಏನುಪಯೋಗ?

“ಆಣಿ ತಗೊಂಡಾನ ನನ್ನ ಕಡಿಂದ,” ಎಂದ.

“ತಗೊಳ್ಳಲಿ. ತಾಯಿ ಕೂಸಿನ ನೋಡಾಕ ಬಂದಾಳ, ಭಾಬಿ ಕೊಟ್ಟದ್ದನ್ನ ಕಸಗೊಳ್ಳಾಕ ಬಂದಿಲ್ಲ. ನಡೀರಿ, ಹೋಗ್ರಿ. ತಾಯಿ ಕೋಪ ಮಾಡಿಕೊಂಡ್ರ ನಾ ನೋಡಕೊಂತೀನಿ. ಮೈ ತೊಳಕೊಂಡು, ಮಡಿ ಅರಬಿ ಹಾಕೊಂಡು ಹೋಗ್ರಿ. ಹೊಸ್ತಿಲ ಮಾತ್ರ ತುಳೀಬ್ಯಾಡ್ರಿ.”

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಬಸವಣಪ್ಪನ ಮನಸ್ಸಿನಲ್ಲಿ ಒಂದು ಸಣ್ಣ ಆಸೆಯಿತ್ತು. ಕಿಟಕಿಯಲ್ಲಿ ಇಸ್ಮಾಯಿಲನೊಬ್ಬನೇ ಸಿಕ್ಕರೆ, ನೀನೇ ನಿನ್ನ ಬಾಯಾರೆ ಅವಳಿಗೆ ಹೇಳು ಎನ್ನಬಹುದು. ಆಣೆಯೂ ಉಳಿಯುತ್ತದೆ, ಅವನೂ ಉಳಿಯುತ್ತಾನೆ. ಬಸ್ಸಿನಲ್ಲಿ ಕೂತು ಅದನ್ನೇ ಮನಸ್ಸಿನಲ್ಲಿ ಹೊರಳಿಸುತ್ತ ಹೋದ. ಸಸ್ತಾಪುರ ಬಂಗ್ಲಾದ ತಿರುವು ಬಂದಾಗ ಕೈ ತಾನಾಗಿಯೇ ಮೇಲಿನ ಕಂಬಿಗೆ ಹೋಯಿತು. ಎದುರಿಗೆ ಡ್ರೈವರನ ಸೀಟಿನಲ್ಲಿ ಯಾರೋ ಬೇರೆಯವನು.

ದೇವರು ದೊಡ್ಡವನು, ಕಿಟಕಿಯಲ್ಲಿ ಇಸ್ಮಾಯಿಲನೊಬ್ಬನೇ ಇದ್ದ. ಬಸವಣಪ್ಪನನ್ನು ಕಂಡು ಮುಖವೆಲ್ಲ ಅರಳಿತು. ಬಸವಣಪ್ಪ ಗಲ್ಲಿಯ ನಡುವೆಯೇ ನಿಂತು ದನಿ ತಗ್ಗಿಸಿ ವಿಷಯ ಹೇಳಿದ. ಅರಳಿದ ಮುಖ ಹಾಗೇ ನಿಂತಿತು.

“ನೀನ ಹೇಳೋ ಉಸ್ತಾದ. ಇವತ್ತ ಹೈದರಾಬಾದಿಗೆ ಹೋದ್ರ ಇಂಜೆಕ್ಷನ್ ಕೊಡ್ತಾರ. ತಡ ಮಾಡಿದ್ರ ಉಪೇಗಿಲ್ಲ.”

ಇಸ್ಮಾಯಿಲ ಒಳಗೆ ಒಮ್ಮೆ ನೋಡಿ ಕಂಬಿ ಹಿಡಿದುಕೊಂಡ. “ಏನೂ ಆಗಿಲ್ಲ ನೋಡು, ಮೈ ತಣ್ಣಗದ. ಬ್ಯಾಡೋ ಬಸಣ್ಣ. ಮೊನ್ನಿ ಆಕಿ ಹೊಟ್ಟಿ ಮ್ಯಾಲಿನ ಹೊಲಿಗಿ ನೋಡಿದೆ. ಇಷ್ಟುದ್ದ ಅದ. ಆಕಿಗೆ ಯಾವ ಬಾಯಿಂದ ಹೇಳಲಿ? ನಾಲ್ಕ ದಿನ ನೋಡೋಣು.”

“ನಾಲ್ಕ ದಿನ ಇಲ್ಲೋ ನಿನ್ನ ಕಡಿ!”

“ರೊಟ್ಟಿ ಮ್ಯಾಲ ಕೈ ಇಟ್ಟೀದಿ ನೀ.”

ಅಷ್ಟರಲ್ಲಿ ಸರ್ದಾರಬಿ ಕೈ ಒರೆಸಿಕೊಳ್ಳುತ್ತಲೇ ಕಿಟಕಿಗೆ ಬಂದಳು. ಮುಂಜಾನೆ ಫೋನು, ಈಗ ಮನುಷ್ಯ. ಅವಳಿಗೆ ಬುದ್ಧಿ ಇರಲಿಲ್ಲವೇ? “ಏನಾಗ್ಯದ?” ಎಂದಳು. ಅವಳ ಹೆಗಲ ಹಿಂದಿನಿಂದ ಇಸ್ಮಾಯಿಲ ತಲೆ ಅಲ್ಲಾಡಿಸುತ್ತಿದ್ದ. ಎರಡೂ ಕೈ ಜೋಡಿಸಿ ಎದೆಗೆ ಹಚ್ಚಿಕೊಂಡಿದ್ದ. ಆ ಮನುಷ್ಯ ಹಾಗೆ ಯಾರ ಮುಂದೆಯೂ ಕೈ ಜೋಡಿಸಿದ್ದನ್ನು ಬಸವಣಪ್ಪ ನೋಡಿರಲಿಲ್ಲ.

ಬಸವಣಪ್ಪ ಅವನಿಂದ ಕಣ್ಣು ತೆಗೆದು ಸರ್ದಾರಬಿಯ ಮುಖಕ್ಕೆ ನೋಡಿ ಎಲ್ಲ ಹೇಳಿಬಿಟ್ಟ. ಶುಕ್ರವಾರ, ಊಟ, ತೊಡೆಯ ಮೇಲಿನ ಕೂಸು, ಇವತ್ತು ಎದ್ದ ಗುಳ್ಳೆ. ಒಂದನ್ನೂ ಮುಚ್ಚಿಡಲಿಲ್ಲ.

ಸರ್ದಾರಬಿ ಬೈಯಲಿಲ್ಲ. ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. “ಎಷ್ಟ ರೊಟ್ಟಿ ಉಂಡ್ರು?” ಎಂದು ಕೇಳಿದಳು.

“ಭಾಬಿ, ಈಗ ಅದೆಲ್ಲಾ...”

“ಕೇಳಾಕತ್ತೇನಲ್ರಿ, ಎಷ್ಟು?”

“ಎರಡೂವರಿ.”

“ಇಲ್ಲಿ ಅರ್ಧಕ್ಕ ಎದ್ದು ಬಿಡ್ತಾರ,” ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು, ಮರುಗಳಿಗೆಯೇ ಬೇರೆ ಹೆಂಗಸಾಗಿ ಒಳಗೆ ತಿರುಗಿದಳು. “ಜೀಶಾನ್, ಆಸ್ಪತ್ರಿಗೆ ಫೋನ್ ಹಚ್ಚು. ಗಾಡಿ ತರಸು.” ಮಗ ಮೆಟ್ಟಿಲು ಇಳಿದು ಓಡಿಬಂದ ಸಪ್ಪಳ ಕೇಳಿಸಿತು. ಅವಳು ಮತ್ತೆ ಬಸವಣಪ್ಪನ ಕಡೆ ನೋಡಿದಳು. “ನಿಮ್ಮ ಮ್ಯಾಲ ನಾ ಭರೋಸಾ ಇಟ್ಟಿದ್ದೆ ಬಸಣ್ಣ ಭಾಯಿ. ಇಂವ ಹುಚ್ಚ, ನಿಮಗರ ತಿಳೀಬೇಕಿತ್ತು. ಮನಿ ಒಳಗ ಕರದು ಉಣಿಸಿದ್ರಿ. ಇನ್ನ ನಮ್ಮ ಬಾಗಲಿಗೆ ಬರಬ್ಯಾಡ್ರಿ.”

ಕಿಟಕಿಯ ಕದ ಮುಚ್ಚುವ ಮೊದಲು ಇಸ್ಮಾಯಿಲನ ದನಿ ಕೇಳಿಸಿತು. “ನೀನೂ ಹಿಂಗ ಮಾಡಿದೀ ಅಲ್ಲೋ.” ಅಷ್ಟೇ. ಬಸವಣಪ್ಪ ಮುಚ್ಚಿದ ಕಿಟಕಿಯ ಮುಂದೆ ನಿಂತೇ ಇದ್ದ. ಬಾಡಿಗೆ ಗಾಡಿ ಬಂದು ಹಾರ್ನು ಹಾಕಿದಾಗ ದಾರಿ ಬಿಟ್ಟುಕೊಟ್ಟು ಸ್ಟ್ಯಾಂಡಿನ ಕಡೆ ನಡೆದ.

ಐಶ್ವರ್ಯಾಳ ಗುಳ್ಳೆಗಳು ಒಣಗಿದವು. ಬೇವಿನ ನೀರು ಹಾಕಿ, ಮೊಸರನ್ನದ ಎಡೆ ಮಾಡಿ ಶಕುಂತಲಾಬಾಯಿ ತಾಯಿಯನ್ನು ಕಳಿಸಿಕೊಟ್ಟಳು. ಬಸವಣಪ್ಪ ಗಡ್ಡ ಕೆರೆಸಿಕೊಂಡ. ಆದರೆ ದಿನಾ ಮಧ್ಯಾಹ್ನ ಸುಮ್ಮನೆ ಸ್ಟ್ಯಾಂಡಿಗೆ ಹೋಗಿ ಬಸವಕಲ್ಯಾಣದ ಬಸ್ಸು ಬರುವುದನ್ನೂ ಹೋಗುವುದನ್ನೂ ನೋಡುತ್ತ ಕೂರುತ್ತಿದ್ದ. ಡ್ಯೂಟಿಯ ಹುಡುಗರು ಚಹಾ ಕುಡಿಸುತ್ತಿದ್ದರು, ಹಳೆಯ ಕತೆ ಕೇಳುತ್ತಿದ್ದರು. ಅವನು ಸಂಗಮ್ಮನ ಬುಟ್ಟಿಯ ಜಗಳ ಹೇಳಿ ನಗಿಸುತ್ತಿದ್ದ, ಹೇಳುತ್ತ ಹೇಳುತ್ತ ಎದ್ದು ಹೋಗಿಬಿಡುತ್ತಿದ್ದ.

ಸುದ್ದಿ ಜೀಶಾನನಿಂದ ಬರುತ್ತಿತ್ತು, ಅದೂ ಅಮ್ಮಿಗೆ ಗೊತ್ತಾಗದ ಹಾಗೆ. ಆವತ್ತೇ ಇಂಜೆಕ್ಷನ್ ಕೊಟ್ಟರು. ಅಷ್ಟಾದರೂ ಮೂರನೇ ವಾರ ಬೆನ್ನಿನ ಮೇಲೆ ಒಂದಿಷ್ಟು ಗುಳ್ಳೆ ಎದ್ದವು, ಜ್ವರ ಬಂತು, ಮತ್ತೆ ಆಸ್ಪತ್ರೆಗೆ ಸೇರಿಸಿ ಸಲಾಯಿನ್ ಹಚ್ಚಿದರು. ಕಿಡ್ನಿಯೂ ಒಮ್ಮೆ ತೂಕಡಿಸಿತು. ಆ ದಿನಗಳಲ್ಲಿ ಬಸವಣಪ್ಪ ದೇವರ ಜಗಲಿಯ ಮುಂದೆ ಕೂತರೆ ಏಳುತ್ತಲೇ ಇರಲಿಲ್ಲ, ಶಕುಂತಲಾಬಾಯಿಯೇ ಬಂದು ಎಬ್ಬಿಸುತ್ತಿದ್ದಳು. ಆಮೇಲೊಂದು ಮಧ್ಯಾಹ್ನ ಜೀಶಾನ್ ಫೋನಿನಲ್ಲಿ ಅಳುತ್ತ ನಕ್ಕ. “ಕಾಕಾ, ಅಬ್ಬಾ ಉಳದ್ರು. ಗುಳ್ಳಿ ಎದ್ದಮ್ಯಾಲ ಬಂದಿದ್ರ ನಮ್ಮ ಕೈಯಾಗ ಇರತಿದ್ದಿಲ್ಲ ಅಂದ್ರು ಡಾಕ್ಟರು.”

“ನನ್ನ ಬಗ್ಗೆ ಏನರ ಅಂದಾನೇನೋ?” ಎಂದು ಬಸವಣಪ್ಪ ಕೇಳಿದ.

ಜೀಶಾನ್, “ಏನೂ ಅಂದಿಲ್ಲ ಕಾಕಾ. ಹೆಸರ ಎತ್ತಾಂಗಿಲ್ಲ,” ಎಂದ.

ಇನ್ನು ಇಷ್ಟೇ ಎಂದು ಬಸವಣಪ್ಪ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಜೀವ ಉಳಿಯಿತು, ದೋಸ್ತಿ ಹೋಯಿತು. ಎರಡರಲ್ಲಿ ಒಂದು ಆರಿಸಿಕೊಂಡವನು ತಾನೇ, ಈಗ ಅತ್ತರೆ ಯಾರು ಕೇಳುತ್ತಾರೆ?

ಚಳಿ ಶುರುವಾದ ಹೊತ್ತಿಗೆ ಒಂದು ಮುಂಜಾನೆ ಸರ್ದಾರಬಿಯ ಫೋನು ಬಂತು. ಸಲಾಮಿಲ್ಲ, ಶರಣಿಲ್ಲ. “ಹೈದರಾಬಾದಿಗೆ ತಪಾಸಣಿಗೆ ಹೊಂಟೀವಿ. ಹುಮನಾಬಾದ ಸ್ಟ್ಯಾಂಡಿನ ಮುಂದ ಗಾಡಿ ನಿಲ್ಲಸ್ತೇನಿ. ನಿಮಗ ಮಾಫ್ ಮಾಡೇನಿ ಅಂತ ತಿಳಕೋಬ್ಯಾಡ್ರಿ. ಇವರು ಉಣ್ಣೂದ ಬಿಟ್ಟಾರ, ಅದಕ್ಕ. ಗಾಡಿ ಕಿಟಕಿ ಕಾಜು ಇಳಸಂಗಿಲ್ಲ, ಮೊದಲ ಹೇಳ್ತೀನಿ.” ಫೋನು ಕಟ್ಟಾಯಿತು.

ಬಸವಣಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ನಿಂತ. ಬಿಳಿಯ ಗಾಡಿ ಬಂದು ರಸ್ತೆಯ ಬದಿಗೆ ನಿಂತಿತು. ಹಿಂದಿನ ಸೀಟಿನಲ್ಲಿ ಡ್ರೈವರನ ಬೆನ್ನಿಗೆ ಇಸ್ಮಾಯಿಲ, ಅವನ ಎಡಕ್ಕೆ ಸರ್ದಾರಬಿ. ಕಿಟಕಿಯ ಗಾಜು ಏರಿಸಿತ್ತು. ಮಾಸ್ಕಿನ ಮೇಲೆ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು, ಅವು ಎದುರಿನ ರಸ್ತೆಯನ್ನು ನೋಡುತ್ತಿದ್ದವು. ಎಷ್ಟು ಸಣ್ಣಗಾಗಿದ್ದಾನೆ! ಹಣೆಯ ಪಕ್ಕದಲ್ಲಿ ಒಣಗಿದ ಗುಳ್ಳೆಯೊಂದರ ಕಪ್ಪು ಕಲೆ. ಬಸವಣಪ್ಪ “ಉಸ್ತಾದ,” ಎಂದ. ಗಾಜಿನೊಳಗೆ ಅದು ಕೇಳಿಸಿತೋ ಇಲ್ಲವೋ. ಇಸ್ಮಾಯಿಲ ತಿರುಗಲಿಲ್ಲ.

ಸರ್ದಾರಬಿ ಗಂಡನ ಕಡೆಗೂ ಬಸವಣಪ್ಪನ ಕಡೆಗೂ ನೋಡುತ್ತ ಕೂತಿದ್ದಳು. ಹಿಂದೆ ಸ್ಟ್ಯಾಂಡಿನೊಳಗೆ ಹೋಗಬೇಕಾದ ಬಸ್ಸು ಬಂದು ಹಾರ್ನು ಹಾಕತೊಡಗಿತು, ಅದರ ಹಿಂದೆ ಒಂದು ಟಂಟಂ ಆಟೋ. ಬಾಡಿಗೆ ಗಾಡಿಯ ಡ್ರೈವರು ಹೋಗುವುದೋ ನಿಲ್ಲುವುದೋ ತಿಳಿಯದೆ ಕನ್ನಡಿಯಲ್ಲಿ ಎಲ್ಲರ ಮುಖ ನೋಡುತ್ತಿದ್ದ. ದಾರಿ ಬಿಡಿಸಬೇಕಿತ್ತು. ಬಸವಣಪ್ಪ ಒಂದು ಹೆಜ್ಜೆ ಹಿಂದೆ ಸರಿದು ಗಾಡಿಯ ಮೈಗೆ ಅಂಗೈಯಿಂದ ಎರಡು ಸಲ ಬಡಿದ.

“ರೈಟ್... ರೈಟ್!”

ಡ್ರೈವರು ಬೆಚ್ಚಿಬಿದ್ದು ಹಿಂದೆ ತಿರುಗಿದ. ಸರ್ದಾರಬಿ ಸೆರಗು ಬಾಯಿಗೆ ಒತ್ತಿಕೊಂಡಳು. ಇಸ್ಮಾಯಿಲ ಇನ್ನೂ ಎದುರಿನ ರಸ್ತೆಯನ್ನೇ ನೋಡುತ್ತಿದ್ದ. ಆದರೆ ಅವನ ಎಡಗೈ ತೊಡೆಯ ಮೇಲಿಂದ ಎದ್ದು, ಇಬ್ಬರ ನಡುವಿನ ಖಾಲಿ ಸೀಟಿನಲ್ಲಿ ಇಲ್ಲದ ಗೇರನ್ನು ಹಿಡಿದು ಮುಂದಕ್ಕೆ ಹಾಕಿತು.